ಐದು ಬಣ್ಣ ಕಿತ್ತಾಗ ಸಿಕ್ಕ ಫಿಯೆಟ್

ಮಾವನ ಮನೆ ಹಿಂದಿನ ಶೆಡ್‌ನಲ್ಲಿ ಹನ್ನೊಂದು ವರ್ಷ ನಿಂತಿದ್ದ ಪ್ರೀಮಿಯರ್ ಪದ್ಮಿನಿ ಕಾರನ್ನು ನಾಲ್ಕು ಜನ ಸೇರಿ ಹೊರಗೆ ತಳ್ಳಿದೆವು. ಅವತ್ತು ನಾನು ಹಾಕಿದ ಲೆಕ್ಕ ಇಷ್ಟೇ. ಹಳೇ ಬಣ್ಣ ಕೀಳೋಕೆ ಒಂದು ವಾರ, ತಗಡಿನ ಕೆಲಸಕ್ಕೆ ಇನ್ನೊಂದು ವಾರ, ಬಣ್ಣ ಹೊಡೆಯೋಕೆ ಮೂರು ದಿನ. ಶುರು ಮಾಡಿದ್ದು ಯುಗಾದಿಗೆ ಮುಂಚೆ. ಮುಗಿದಿದ್ದು ದೀಪಾವಳಿ ಕಳೆದ ಮೇಲೆ.

ಗಾಡಿ 1978ರದ್ದು. ಇಟಲಿಯ ಫಿಯೆಟ್ 1100 ಕಾರನ್ನೇ ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿತ್ತು. 1974ರಿಂದ ಅದಕ್ಕೆ ಪದ್ಮಿನಿ ಅಂತ ಹೆಸರು. ಆದರೆ ದಾವಣಗೆರೆಯಲ್ಲಿ ಯಾರಾದರೂ ಪದ್ಮಿನಿ ಅಂದಿದ್ದನ್ನು ನಾನಂತೂ ಕೇಳಿಲ್ಲ. ಎಲ್ಲರ ಬಾಯಲ್ಲೂ ಅದು ಫಿಯೆಟ್ಟೇ. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಹಿಂದೆ ಎರಡು ಪುಟ್ಟ ರೆಕ್ಕೆ. ಇಂಜಿನ್ ವಿಷಯ ಇಲ್ಲಿ ಬೇಡ. ಹೊಸ ಬ್ಯಾಟರಿ ಇಟ್ಟು, ಟ್ಯಾಂಕು ತೊಳೆದು, ಕಾರ್ಬೊರೇಟರ್ ಬಿಚ್ಚಿ ಹಾಕಿದ ದಿನವೇ ಅದು ಗುರ್ ಅಂದಿತು. ತಲೆನೋವೆಲ್ಲ ಬಂದಿದ್ದು ಮೈಯಿಂದ.

ನೋಡಿದವರೆಲ್ಲ "ವಿಂಟೇಜ್ ಗಾಡಿನಾ?" ಅಂತ ಕೇಳುತ್ತಾರೆ. ಕಾನೂನಿನ ಲೆಕ್ಕದಲ್ಲಿ ಇನ್ನೂ ಅಲ್ಲ. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಆಗ 'ವಿಎ' ಅಕ್ಷರ ಇರುವ ಬೇರೆ ನಂಬರ್ ಸಿಗುತ್ತೆ. ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು, ಮತ್ತೆ ಆ ನಂಬರ್ ತಗೊಂಡರೆ ದಿನಾ ಓಡಿಸೋ ಹಾಗಿಲ್ಲ. ನನಗೋ ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆಗೆ ಹೋಗೋಕೆ ಗಾಡಿ ಬೇಕು. ಹಾಗಾಗಿ ಹಳೇ ನಂಬರೇ ಇರಲಿ ಅಂದುಕೊಂಡೆ.

ಮೊದಲು ಒಂದು ಗ್ಯಾರೇಜಿಗೆ ತೋರಿಸಿದ್ದೆ. ಸುತ್ತ ಒಂದು ರೌಂಡ್ ಹೊಡೆದು, "ಮೇಲ್ಗಡೆ ಉಜ್ಜಿ, ಬೇಕಾದ ಕಡೆ ಪುಟ್ಟಿ ಎಳೆದು, ಫುಲ್ ಪೇಂಟ್ ಮಾಡಿಕೊಡ್ತೀವಿ, ಹತ್ತು ದಿನ" ಅಂದರು. ಮಾವನಿಗೆ ಆ ಮಾತು ಹಿಡಿಸಿತು. ನನಗೆ ಹಿಡಿಸಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನಾನು ಹಳೇ ಸ್ಪೀಕರ್‌ನ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಗಾಡಿ ತುಂಬ ಹಿಡಿದು ನೋಡಿದ್ದೆ. ಟಾಪ್ ಮೇಲೆ ಟಪ್ ಅಂತ ಕಚ್ಚಿಕೊಂಡಿತು. ಬಾನೆಟ್ ಮೇಲೂ ಅಷ್ಟೇ. ಎಡಗಡೆ ಹಿಂದಿನ ಮಡ್‌ಗಾರ್ಡ್‌ಗೆ ಹಿಡಿದರೆ ಮಾತ್ರ ಹಾಗೇ ಜಾರಿ ಕೆಳಗೆ ಬಿತ್ತು. ಅಲ್ಲಿ ಕಬ್ಬಿಣವೇ ಇಲ್ಲ ಅನ್ನೋ ಹಾಗೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಅನ್ನೋ ಬದಲು ದಬ್ ದಬ್ ಅಂದಿತು. ಒಳಗೆ ಏನಿದೆ ಅಂತ ಗೊತ್ತಿಲ್ಲದ ಗೋಡೆಗೆ ಸುಣ್ಣ ಹೊಡೆಸೋಕೆ ನನಗೆ ಇಷ್ಟ ಇರಲಿಲ್ಲ.

ಬಣ್ಣ ಕೀಳೋ ಮುಂಚೆ ಅದು ಯಾವ ಜಾತಿ ಬಣ್ಣ ಅಂತ ನೋಡಬೇಕು. ಬಟ್ಟೆ ತುಂಡಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಕಿ ಒಂದು ಮೂಲೆಯಲ್ಲಿ ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಹಳೇ ಕಾಲದ ಎನ್‌ಸಿ, ಅಂದರೆ ನಮ್ಮ ಪೇಂಟರ್‌ಗಳು ಇವತ್ತಿಗೂ ಡ್ಯೂಕೋ ಅನ್ನೋದು. ಅದು 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ತಂದ ಬಣ್ಣದ ಹೆಸರು. ಕಂಪನಿ ಯಾವುದು ಅಂತ ಮರೆತುಹೋಗಿದೆ, ಹೆಸರು ಮಾತ್ರ ಗ್ಯಾರೇಜಲ್ಲಿ ಉಳಿದುಕೊಂಡಿದೆ. ಉಜ್ಜಿದಾಗ ಸುಕ್ಕುಗಟ್ಟಿದರೆ ಎನಾಮಲ್. ಏನೂ ಆಗದೆ ಹಾಗೇ ಇದ್ದರೆ ಪಿಯು, ಅಂದರೆ ಗಟ್ಟಿಯಾಗಲಿ ಅಂತ ಹಾರ್ಡನರ್ ಬೆರೆಸಿ ಹೊಡೆಯೋ ಪಾಲಿಯುರೆಥೇನ್ ಬಣ್ಣ. ನಮ್ಮ ಗಾಡಿಯ ಮೇಲಿದ್ದ ಮರೂನ್ ಬಣ್ಣ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ಬಾಗಿಲ ಮೇಲೆ ರೂಪಾಯಿ ನಾಣ್ಯದಷ್ಟು ಜಾಗವನ್ನು ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜೋ ಉಪ್ಪು ಕಾಗದ) ನಿಧಾನವಾಗಿ ತಿಕ್ಕಿದೆ. ನಡುವೆ ಜಾಸ್ತಿ, ಅಂಚಿಗೆ ಕಡಿಮೆ. ಮರ ಕಡಿದಾಗ ಉಂಗುರ ಕಾಣುತ್ತಲ್ಲ, ಹಾಗೆ ಒಂದೊಂದೇ ಬಣ್ಣ ಬಂತು. ಮರೂನ್, ಬಿಳಿ, ಆಕಾಶ ನೀಲಿ, ಕ್ರೀಮ್, ಎಲ್ಲಕ್ಕಿಂತ ಕೆಳಗೆ ತಿಳಿ ಹಸಿರು. ಮಾವನನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮರೂನ್ ತಾವೇ ಹೊಡೆಸಿದ್ದು. ಬಿಳಿ, ಅಣ್ಣ ಪಂಚಾಯ್ತಿ ಎಲೆಕ್ಷನ್‌ಗೆ ನಿಂತ ವರ್ಷದ್ದು. ನೀಲಿ ಅಕ್ಕನ ಮದುವೆಗೆ. ಕ್ರೀಮ್ ಯಾವಾಗ, ಯಾಕೆ ಅನ್ನೋದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಆರ್‌ಸಿ ಪುಸ್ತಕ ತೆಗೆದು ನೋಡಿದರೆ ಬಣ್ಣದ ಜಾಗದಲ್ಲಿ ತಿಳಿ ಹಸಿರು ಅಂತಲೇ ಇದೆ. ಬಣ್ಣ ಬದಲಿಸಿದರೆ ಆರ್‌ಟಿಒಗೆ ಹೋಗಿ ಬರೆಸಬೇಕು. ನಾಲ್ಕು ಸಲ ಬದಲಾದರೂ ಯಾರೂ ಆ ಕಡೆ ಹೋಗಿಲ್ಲ. ಯಾವ ಬಣ್ಣ ಹೊಡೆಸೋದು ಅನ್ನೋ ಮನೆಯ ಜಗಳ ಅಲ್ಲಿಗೆ ಮುಗಿಯಿತು.

ಈಗ ನನ್ನ ಮೊದಲ ತಪ್ಪು. ಆಂಗಲ್ ಗ್ರೈಂಡರ್ ಇತ್ತು. ಅದಕ್ಕೆ ಫ್ಲಾಪ್ ಡಿಸ್ಕ್ ಹಾಕಿ ಬಾನೆಟ್ ಮೇಲೆ ಇಟ್ಟೆ. ಬಣ್ಣ ಪುರುಪುರು ಹಾರಿ ಹೋಗೋದು ನೋಡೋಕೆ ಚೆಂದ. ಅರ್ಧ ಗಂಟೆಯಲ್ಲಿ ಒಂದು ಮೊಳದಷ್ಟು ಜಾಗ ಬೆಳ್ಳಗೆ ಹೊಳೆಯಿತು. ಕೈ ಇಟ್ಟರೆ ಸುಡುತ್ತಿತ್ತು. ತಣ್ಣಗಾದ ಮೇಲೆ ಅಂಗೈಯಿಂದ ಒತ್ತಿದೆ. ಟಿಕ್ ಅಂತ ಒಳಗೆ ಹೋಯಿತು. ಬಿಟ್ಟರೆ ಟಾಕ್ ಅಂತ ಹೊರಗೆ ಬಂತು. ಎಣ್ಣೆ ಡಬ್ಬಿಯ ತಳ ಒತ್ತಿದ ಹಾಗೆ. ಕಾರಿನ ತಗಡು ಒಂದು ಮಿಲಿಮೀಟರ್‌ಗಿಂತ ತೆಳು. ಗ್ರೈಂಡರ್ ಬಿಸಿಗೆ ಅದು ಹಿಗ್ಗುತ್ತೆ, ಸುತ್ತಲಿನ ತಣ್ಣನೆ ತಗಡು ಬಿಡಲ್ಲ, ನಡುವಿನದು ಉಬ್ಬಿ ಹಾಗೇ ಸೊಟ್ಟಗಾಗುತ್ತೆ. ಮರಳು ಹೊಡೆಸಿ ಬಣ್ಣ ತೆಗೆಸೋಣ ಅಂತಲೂ ಯೋಚಿಸಿದ್ದೆ. ಅದೂ ಇದೇ ಕಥೆ. ಚಾಸಿಗೆ, ವೀಲ್ ಡಿಸ್ಕ್‌ಗೆ ಸರಿ, ಬಾನೆಟ್, ಬಾಗಿಲು, ಟಾಪ್‌ಗೆ ಬೇಡ.

ಆಗ ಸಿಕ್ಕಿದ್ದು ಮೇಸ್ತ್ರಿ. ಬಸ್ ಬಾಡಿ ಕಟ್ಟೋ ಶೆಡ್‌ಗಳಲ್ಲಿ ಬೆಳೆದ ಟಿಂಕರ್, ಅಂದರೆ ತಗಡು ಕೆಲಸದವರು, ಈಗ ವಯಸ್ಸಾಗಿದೆ, ಮನಸ್ಸು ಬಂದ ಕೆಲಸ ಮಾತ್ರ ಹಿಡಿಯುತ್ತಾರೆ. ಬಾನೆಟ್ ಒತ್ತಿ ಟಿಕ್ ಟಾಕ್ ಅನ್ನಿಸಿ, ನನ್ನ ಮುಖ ನೋಡಿ, "ಗ್ರೈಂಡರ್ ಮನೀಗೆ ಕಳಿಸ್ರಿ ಮೊದ್ಲು" ಅಂದರು. ಕೆಲಸ ಒಪ್ಪಿಕೊಂಡಿದ್ದು ಒಂದು ಕಂಡೀಶನ್ ಮೇಲೆ. ಬಣ್ಣ ಪೂರ್ತಿ ಕಿತ್ತು ಬೆತ್ತಲೆ ತಗಡು ತೋರಿಸಿದ ಮೇಲೆಯೇ ಅವರು ಸುತ್ತಿಗೆ ಹಿಡಿಯೋದು. ಕೀಳೋ ಕೆಲಸ ನನ್ನದು.

ಪೇಂಟ್ ರಿಮೂವರ್ ತಂದೆ. ಇದರಲ್ಲಿ ಇರೋದು ಹೆಚ್ಚಾಗಿ ಮೆಥಿಲೀನ್ ಕ್ಲೋರೈಡ್. ಅದು ಸುಮಾರು 40 ಡಿಗ್ರಿಗೆ ಕುದಿಯುತ್ತೆ. ಏಪ್ರಿಲ್‌ನಲ್ಲಿ ದಾವಣಗೆರೆಯ ಮಧ್ಯಾಹ್ನ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಬಿಸಿಲಲ್ಲಿ ನಿಂತ ತಗಡು ಅದಕ್ಕಿಂತ ಬಿಸಿ. ಮೊದಲ ದಿನ ಹನ್ನೊಂದು ಗಂಟೆಗೆ ಬಾಗಿಲಿಗೆ ಬಳಿದೆ. ಬಳಿದಿದ್ದು ಬಳಿದ ಹಾಗೇ ಆವಿಯಾಗಿ, ಬಣ್ಣದ ಮೇಲೆ ಮದ್ದಿನಲ್ಲಿದ್ದ ಮೇಣದ ಪೊರೆ ಮಾತ್ರ ಉಳಿಯಿತು. ಒಂದು ಲೀಟರ್ ದಂಡ.

ಮಾರನೇ ದಿನದಿಂದ ಬೆಳಗ್ಗೆ ಐದೂವರೆಗೆ ಶುರು. ದಪ್ಪವಾಗಿ ಬಳಿಯಬೇಕು, ಬ್ರಶ್ ಒಂದೇ ದಿಕ್ಕಿಗೆ ಎಳೆಯಬೇಕು. ಹಿಂದೆ ಮುಂದೆ ತಿಕ್ಕಿದರೆ ಮೇಲೆ ಕಟ್ಟುವ ಮೇಣದ ಪೊರೆ ಒಡೆದು ಮದ್ದು ಆರಿಹೋಗುತ್ತೆ. ಬಳಿದ ತಕ್ಷಣ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಇಪ್ಪತ್ತು ನಿಮಿಷಕ್ಕೆ ಒಳಗಡೆ ಮರೂನ್ ಬಣ್ಣ ಕಾದ ಹಾಲಿನ ಕೆನೆ ಥರ ಸುಕ್ಕುಗಟ್ಟಿ ಎದ್ದಿತು. ಮೂಲೆ ಉಜ್ಜಿ ಮೊಂಡು ಮಾಡಿದ ಪುಟ್ಟಿ ಬ್ಲೇಡ್ ಹಾಕಿ ತಳ್ಳಿದರೆ ಪಟ್ಟಿ ಪಟ್ಟಿಯಾಗಿ ಬಂತು. ಆ ಖುಷಿಗೆ ಸಮ ಯಾವುದೂ ಇಲ್ಲ. ಆದರೆ ಎರಡನೇ ಸುತ್ತಿಗೆ, ಅಂದರೆ ಕೆಳಗಿನ ಎನ್‌ಸಿ ಬಣ್ಣಗಳಿಗೆ ಬಂದಾಗ ಆಟ ಬೇರೆ. ಅವು ಪಟ್ಟಿಯಾಗಿ ಏಳಲ್ಲ, ಕರಗಿ ಅಂಟಾಗುತ್ತವೆ. ನೀಲಿ, ಕ್ರೀಮ್, ಹಸಿರು ಮೂರೂ ಸೇರಿ ಬೇವಿನ ಅಂಟಿನ ಹಾಗೆ ಬ್ಲೇಡಿಗೆ ಮೆತ್ತಿಕೊಂಡವು. ಅದಕ್ಕೆ ಒರಟು ಗೋಣಿಚೀಲದ ತುಂಡೇ ಸರಿ.

ಈ ಮದ್ದಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದು ಆಟದ ಸಾಮಾನಲ್ಲ. ಮನೆ ಕೆಲಸಕ್ಕೆ ಇದನ್ನು ಮಾರೋದನ್ನು ಅಮೆರಿಕದಲ್ಲಿ 2019ರಲ್ಲೇ ನಿಲ್ಲಿಸಿದರು. ಉಸಿರಲ್ಲಿ ಒಳಗೆ ಹೋದರೆ ದೇಹದಲ್ಲಿ ಅದು ಕಾರ್ಬನ್ ಮಾನಾಕ್ಸೈಡ್ ಆಗುತ್ತೆ. ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಕೂರುತ್ತೆ. ಬಾಗಿಲು ಹಾಕಿದ ಶೆಡ್‌ನಲ್ಲಿ ಗಾಡಿ ಕೆಳಗೆ ಮಲಗಿ ಇದನ್ನು ಬಳಿಯೋದು ಪ್ರಾಣಕ್ಕೇ ಅಪಾಯ. ಬಟ್ಟೆ ಮಾಸ್ಕ್ ಇದಕ್ಕೆ ಲೆಕ್ಕಕ್ಕೇ ಇಲ್ಲ. ಮೆಡಿಕಲ್ ಶಾಪಿನ ಕೈಗವಸು ಐದು ನಿಮಿಷಕ್ಕೆ ಉಬ್ಬಿ ಹರಿಯಿತು, ಹನಿ ಬಿದ್ದ ಕಡೆ ಚರ್ಮ ಕೆಂಡ ಇಟ್ಟ ಹಾಗೆ ಉರಿಯಿತು. ನಾನು ಪೂರ್ತಿ ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಪಕ್ಕದಲ್ಲಿ ಎರಡು ಬಕೆಟ್ ನೀರಿಟ್ಟುಕೊಂಡು ಮಾಡಿದೆ. ಆ ಕಾಲದ ಬಣ್ಣ, ಪ್ರೈಮರ್‌ನಲ್ಲಿ ಸೀಸ ಇರೋದು ಮಾಮೂಲು. ಹಾಗಾಗಿ ಗ್ರೈಂಡರ್ ಹಿಡಿದ ಆ ಅರ್ಧ ಗಂಟೆ ಬಿಟ್ಟರೆ ಬಣ್ಣವನ್ನು ಎಲ್ಲೂ ಒಣದಾಗಿ ಉಜ್ಜಲಿಲ್ಲ, ಎಲ್ಲ ನೀರು ಹಾಕಿಯೇ. ಕೆರೆದ ಕಸ ಚರಂಡಿಗೆ ಬಿಡದೆ ಮುಚ್ಚಳದ ಡಬ್ಬಿಗೆ ತುಂಬಿಸಿದೆ.

ಎಡಗಡೆ ಹಿಂದಿನ ಮಡ್‌ಗಾರ್ಡ್‌ಗೆ ಬಂದಿದ್ದು ಮೂರನೇ ವಾರ. ಬಣ್ಣ ಹೋದ ಮೇಲೆ ಬೂದು ಬಣ್ಣದ ಪುಟ್ಟಿ ಕಾಣಿಸಿತು. ಉಳಿ ಇಟ್ಟು ಮೆಲ್ಲಗೆ ತಟ್ಟಿದೆ. ಒಂದು ಬಿರುಕು ಬಂತು. ಇನ್ನೊಂದು ಏಟಿಗೆ ಎರಡು ರೊಟ್ಟಿಯಷ್ಟು ಅಗಲದ ಚಕ್ಕೆ ಇಡಿಯಾಗಿ ಕಳಚಿ ಕೈಗೆ ಬಂತು. ದಪ್ಪ ಅಳೆದರೆ 14 ಮಿಲಿಮೀಟರ್. ಪುಟ್ಟಿಯನ್ನು ಎರಡು, ಹೆಚ್ಚೆಂದರೆ ಮೂರು ಮಿಲಿಮೀಟರ್ ಮೇಲೆ ಎಳೆಯಬಾರದು. ಹಿಂದೆ ಕೈಯಗಲದ ತೂತು. ಆ ತೂತಿಗೆ ಪೇಪರ್ ಉಂಡೆ ಕಟ್ಟಿ ತುರುಕಿ, ಮೇಲೆ ಕಿಟಕಿಯ ಸೊಳ್ಳೆ ಜಾಲರಿ ಇಟ್ಟು, ಅದರ ಮೇಲೆ ಪುಟ್ಟಿ ಮೆತ್ತಿದ್ದರು.

ಪೇಪರ್ ಬಹುಪಾಲು ಗೆದ್ದಲು ಹಿಡಿದ ಹಾಗೆ ಉದುರಿತು. ಆದರೆ ಪುಟ್ಟಿಯ ಹಿಂಭಾಗದಲ್ಲಿ, ಜಾಲರಿ ಹರಿದ ಒಂದು ಕಡೆ, ಪೇಪರಿನ ಅಕ್ಷರ ಅಚ್ಚಾಗಿ ಉಳಿದಿತ್ತು. ತಿರುಗುಮುರುಗಾಗಿ. ಮೊಬೈಲ್‌ನಲ್ಲಿ ಫೋಟೊ ತೆಗೆದು ಮಗ್ಗಲು ಬದಲಿಸಿ ನೋಡಿದೆ. ಮಾರುಕಟ್ಟೆ ಧಾರಣೆ. "ಹತ್ತಿ" ಅಂತ ಚೆನ್ನಾಗಿ ಓದೋಕೆ ಬರುತ್ತೆ, ಕೆಳಗೆ "ಶೇಂಗಾ" ಅಂತ ಅರ್ಧ. ದರದ ಅಂಕಿಗಳು ಒಡೆದು ಹೋಗಿದ್ದವು. ಹತ್ತಿ ಗಿರಣಿಗಳಿಂದಲೇ ಹೆಸರಾದ ಊರಿನ ಗಾಡಿ, ಅದರ ಹೊಟ್ಟೆಯಲ್ಲಿ ಹತ್ತಿ ರೇಟು. ಆ ಚಕ್ಕೆ ಈಗಲೂ ನನ್ನ ಟೇಬಲ್ ಮೇಲಿದೆ. ಉಳಿದ ಪುಟ್ಟಿಯನ್ನೆಲ್ಲ ಡಬ್ಬಿಗೆ ಹಾಕಿ ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ. 7 ಕಿಲೊ 300 ಗ್ರಾಂ. ಇಷ್ಟು ವರ್ಷ ಇಷ್ಟು ಪುಟ್ಟಿ ಹೊತ್ತುಕೊಂಡು ಗಾಡಿ ಹರಿಹರಕ್ಕೆ ಹೋಗಿ ಬರುತ್ತಿತ್ತು.

ಮೇಸ್ತ್ರಿ ಬಂದು ಬೆತ್ತಲೆ ಗಾಡಿ ನೋಡಿದರು. ಒಂದು ಸ್ಕ್ರೂಡ್ರೈವರ್ ಕೇಳಿ ತಗೊಂಡು ಎಡಗಡೆ ಫುಟ್‌ಬೋರ್ಡ್ ಕೆಳಗೆ ಅಲ್ಲಲ್ಲಿ ಚುಚ್ಚಿದರು. ನಾಲ್ಕು ಕಡೆ ಹಿಡಿ ತನಕ ಒಳಗೆ ಹೋಯಿತು. ನೋಡೋಕೆ ಅದು ಬಾಗಿಲ ಕೆಳಗಿನ ಬರೀ ಪಟ್ಟಿ. ಆದರೆ ಈ ಗಾಡಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಫುಟ್‌ಬೋರ್ಡ್‌ನ ಡಬ್ಬಿ, ನೆಲದ ತಗಡು, ಬಾಗಿಲ ಕಂಬ ಎಲ್ಲ ಸೇರಿ ಗಾಡಿಯನ್ನು ಎತ್ತಿ ಹಿಡಿದಿರೋದು. ಸುಮ್ನೆ ಕತ್ತರಿಸಿದರೆ ನಡುವೆ ಕುಸಿಯುತ್ತೆ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರಲ್ಲ. ಆಗಲೇ ಕುಸಿಯೋಕೆ ಶುರುವಾಗಿತ್ತು. ಮುಂದಿನ ಬಾಗಿಲ ಸಂದು ಕೆಳಗೆ 9 ಮಿಲಿಮೀಟರ್, ಮೇಲೆ 4.

ಅದಕ್ಕೆ ಅವರು ಮೊದಲು ಮಾಡಿದ್ದು ವೆಲ್ಡಿಂಗ್ ಅಲ್ಲ, ಜಾಕು. ಗಾಡಿಯನ್ನು ನಾಲ್ಕು ಕಡೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನಡುವೆ ಕಾಲುಕಾಲು ಇಂಚು ಎತ್ತುತ್ತಾ, ಪ್ರತಿ ಸಲ ಬಾಗಿಲು ಹಾಕಿ ಸಂದು ನೋಡುತ್ತಾ ಒಂದು ಇಡೀ ದಿನ ಕಳೆದರು. ಸಂಜೆಗೆ ಮೇಲೆ ಕೆಳಗೆ ಸಮ ಬಂತು. ಆಗ ಬಾಗಿಲ ಕಂಬಗಳ ನಡುವೆ ಆಂಗ್ಲರ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಅಡ್ಡ ಕೊಟ್ಟು, ಚುಕ್ಕಿ ವೆಲ್ಡ್ ಇಟ್ಟು ಟ್ಯಾಕ್ ಮಾಡಿದರು. ಬಾಡಿ ಕದಲೋಕೆ ಆಗದ ಹಾಗೆ. ಅದಾದ ಮೇಲೆಯೇ ಕತ್ತರಿಸಿದ್ದು, ಅದೂ ಒಂದು ಸಲಕ್ಕೆ ಒಂದೇ ಅಡಿ.

ಕತ್ತರಿಸಿದಾಗ ಒಳಗೆ ಇನ್ನೊಂದು ಕಥೆ. ಹಳೇ ರಿಪೇರಿಗಳು ಒಂದರ ಮೇಲೊಂದು ಮೂರು ಪದರ. ತುಕ್ಕು ಹಿಡಿದ ತಗಡು ತೆಗೆಯದೆ ಅದರ ಮೇಲೇ ತೇಪೆ, ಅದು ತುಕ್ಕಾದಾಗ ಅದರ ಮೇಲೆ ಮತ್ತೊಂದು. ಎರಡು ತಗಡಿನ ನಡುವೆ ಸಿಕ್ಕ ನೀರಿಗೆ ಹೊರಗೆ ದಾರಿ ಇಲ್ಲ. ಅಲ್ಲೇ ಕೂತು ಎರಡನ್ನೂ ತಿನ್ನುತ್ತೆ. ಈ ಸಲ ಕೊಳೆತದ್ದನ್ನೆಲ್ಲ ತೆಗೆದು, ಗಟ್ಟಿ ತಗಡು ಸಿಕ್ಕೋ ತನಕ ಹೋಗಿ, ಅಂಚಿಗೆ ಅಂಚು ಕೂಡಿಸಿ ವೆಲ್ಡ್ ಮಾಡೋದು ಅಂತ ತೀರ್ಮಾನ. ಬಿಸ್ಕತ್ ಡಬ್ಬದ ರಟ್ಟಿನಲ್ಲಿ ಮೊದಲು ಅಳತೆ ಕತ್ತರಿಸಿ, ಅದನ್ನು 20 ಗೇಜ್ ಸಿಆರ್ ಶೀಟ್ (ಸತು ಲೇಪ ಇಲ್ಲದ ಉಕ್ಕಿನ ತಗಡು) ಮೇಲೆ ಇಟ್ಟು ಗೀಚೋದು ನನ್ನ ಕೆಲಸ. 20 ಗೇಜ್ ಅಂದರೆ 0.9 ಮಿಲಿಮೀಟರ್ ಹತ್ತಿರ. ಅಂಗಡಿಯವರು ಜಿಐ ಶೀಟ್ ತಗೊಳ್ಳಿ, ತುಕ್ಕು ಹಿಡಿಯಲ್ಲ ಅಂದರು. ಅದರ ಮೇಲಿನ ಸತು ವೆಲ್ಡಿಂಗ್ ಬಿಸಿಗೆ ಹೊಗೆಯಾಗುತ್ತೆ, ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಬೇಡ ಅಂದೆ.

ವೆಲ್ಡಿಂಗ್ ಸಿಒಟು ಮೆಶಿನ್‌ನಲ್ಲಿ, ಅಂದರೆ ಕರೆಂಟಿನಿಂದ ತಂತಿ ಕರಗಿಸೋದು, 0.8 ಮಿಲಿಮೀಟರ್ ವೈರ್. ಗ್ಯಾಸ್ ವೆಲ್ಡಿಂಗ್‌ನಲ್ಲಿ ಬಿಸಿ ಜಾಸ್ತಿ ಹರಡುತ್ತೆ, ತಗಡು ಅಲೆ ಅಲೆ ಆಗುತ್ತೆ. ಸಿಒಟುನಲ್ಲೂ ಒಂದೇ ಸಮನೆ ಗೆರೆ ಎಳೆಯೋ ಹಾಗಿಲ್ಲ. ಇಲ್ಲಿ ಒಂದು ಚುಕ್ಕಿ, ಒಂದು ಗೇಣು ಬಿಟ್ಟು ಅಲ್ಲಿ ಒಂದು ಚುಕ್ಕಿ, ಮತ್ತೆ ಈ ತುದಿಗೆ. ಅಜ್ಜಿ ಕೌದಿಗೆ ಮೊದಲು ದೂರ ದೂರ ಹೊಲಿಗೆ ಹಾಕಿ, ಆಮೇಲೆ ನಡುವೆ ತುಂಬುತ್ತಿದ್ದಳಲ್ಲ, ಅದೇ ಲೆಕ್ಕ. ಪೆಟ್ರೋಲ್ ಟ್ಯಾಂಕು ಮೊದಲೇ ಇಳಿಸಿದ್ದೆವು, ಬ್ಯಾಟರಿ ಬಿಚ್ಚಿದ್ದೆವು. ಆದರೂ ಮಡ್‌ಗಾರ್ಡ್ ಒಳಗಡೆ ಅಂಟಿಸಿದ್ದ ಹಳೇ ಡಾಂಬರ್ ಶೀಟ್ ನೆನಪಾಗಲಿಲ್ಲ. ಹೊರಗೆ ಚುಕ್ಕಿ ಇಡುತ್ತಿದ್ದ ಹಾಗೆ ಒಳಗೆ ಹೊಗೆ, ಆಮೇಲೆ ಸಣ್ಣ ಬೆಂಕಿ. ಬಕೆಟ್ ಪಕ್ಕದಲ್ಲೇ ಇತ್ತು, ಬಚಾವ್.

ಬಾನೆಟ್‌ನ ಟಿಕ್ ಟಾಕ್ ಹೋಗಿಸಿದ್ದು ನೋಡೋಕೆ ಮಜಾ ಇತ್ತು. ಹಿಗ್ಗಿದ ತಗಡನ್ನು ಕುಗ್ಗಿಸಬೇಕು. ಗ್ಯಾಸ್ ಟಾರ್ಚ್‌ನ ಸಣ್ಣ ಉರಿಯಿಂದ ಹಳೇ ನಾಲ್ಕಾಣೆಯಷ್ಟು ಜಾಗ ಕೆಂಪಗೆ ಮಾಡಿದರು. ಅದು ಮೊಡವೆ ಥರ ಉಬ್ಬಿತು. ಕೆಳಗಿಂದ ಡಾಲಿ (ಆನಿಕೆಗೆ ಹಿಡಿಯೋ ಕಬ್ಬಿಣದ ಗಟ್ಟಿ) ಹಿಡಿದು, ಸುತ್ತಲೂ ಮೆಲ್ಲಗೆ ತಟ್ಟಿ, ಕೊನೆಗೆ ನಡುವೆ ಒಂದು ಏಟು. ತಕ್ಷಣ ಒದ್ದೆ ಬಟ್ಟೆ. ಸೊಂಯ್. ಹೀಗೆ ಹನ್ನೊಂದು ಕಡೆ. ಪ್ರತಿ ಸಲ ಅಂಗೈಯಿಂದ ಒತ್ತಿ ನೋಡುತ್ತಿದ್ದರು. ಹತ್ತನೇ ಚುಕ್ಕಿ ತನಕ ಟಿಕ್ ಅನ್ನುತ್ತಲೇ ಇತ್ತು. ಹನ್ನೊಂದಕ್ಕೆ ಸುಮ್ಮನಾಯಿತು.

ಬಲಗಡೆ ರೆಕ್ಕೆಯ ಮೇಲಿನ ತಗ್ಗನ್ನು ಬರೀ ಸುತ್ತಿಗೆ, ಡಾಲಿಯಲ್ಲೇ ಎತ್ತಿದರು. ತಗಡಿನ ಮೇಲೆ ತೆಳು ಹತ್ತಿ ಬಟ್ಟೆ ಹಾಕಿ, ಅದರ ಮೇಲೆ ಅಂಗೈ ಇಟ್ಟು ಉದ್ದಕ್ಕೆ ಸವರಿದರು. ಬೆರಳ ತುದಿಯಲ್ಲ, ಪೂರ್ತಿ ಅಂಗೈ. ಬಟ್ಟೆ ಇದ್ದರೆ ಕೈ ಜಾರುತ್ತೆ, ಏರು ತಗ್ಗು ಮಾತ್ರ ತಿಳಿಯುತ್ತೆ. ನನಗೂ ಮಾಡಿ ನೋಡಿ ಅಂದರು. ಕಣ್ಣಿಗೆ ಸಪಾಟಾಗಿ ಕಂಡ ಜಾಗದಲ್ಲಿ ಮೂರು ಕಡೆ ಉಬ್ಬು ಸಿಕ್ಕಿತು. ಆಮೇಲೆ ಒಂದು ವಾರ ಮನೆಯ ಫ್ರಿಜ್ಜು, ಬೀರು, ಪಕ್ಕದ ಮನೆ ಕಾರು ಎಲ್ಲ ಸವರುತ್ತಾ ಓಡಾಡಿದೆ.

ಜೂನ್ ಬಂತು. ಬೇಸಿಗೆಯಲ್ಲಿ ಬೆತ್ತಲೆ ತಗಡು ವಾರಗಟ್ಟಲೆ ಹೊಳೆಯುತ್ತಲೇ ಇತ್ತು. ಆ ಧೈರ್ಯದಲ್ಲಿ ಎರಡು ಬಾಗಿಲನ್ನು ವರಾಂಡದಲ್ಲಿ ಒರಗಿಸಿ ಮಲಗಿದೆ. ರಾತ್ರಿ ಬಂದಿದ್ದು ಬರೀ ತುಂತುರು, ಬಾಗಿಲ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಬೆಳಗ್ಗೆ ನೋಡಿದರೆ ಮೈಯೆಲ್ಲ ಅರಿಶಿನ ಕುಂಕುಮ ಹಚ್ಚಿದ ಹಾಗೆ. ಗಾಳಿಯ ತೇವ ಸಾಕು ಅದಕ್ಕೆ. ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಹಚ್ಚಿ, ಆರಲು ಬಿಡದೆ ತಿಕ್ಕಿ, ನೀರಲ್ಲಿ ತೊಳೆದೆ. ತೊಳೆಯದೆ ಬಿಟ್ಟರೆ ಮೇಲೆ ಹೊಡೆಯೋ ಎಪಾಕ್ಸಿ ಪ್ರೈಮರ್ ಹಿಡಿಯಲ್ಲ.

ನೀರಿನದೂ ಒಂದು ಪಾಠ. ಮೊದಲ ಬಾಗಿಲನ್ನು ಬೋರ್ ನೀರಲ್ಲಿ ತೊಳೆದೆ. ಒಣಗಿದಾಗ ಬೆಳ್ಳನೆ ಉಪ್ಪಿನ ಕಲೆ. ಆ ಉಪ್ಪಿನ ಮೇಲೆ ಬಣ್ಣ ಹೊಡೆದರೆ ಅದು ಒಳಗಿಂದ ತೇವ ಎಳೆದು, ಕೆಲವೇ ತಿಂಗಳಲ್ಲಿ ಬಣ್ಣ ಬೊಬ್ಬೆ ಬೊಬ್ಬೆ ಏಳುತ್ತೆ. ಮತ್ತೆ ನಲ್ಲಿ ನೀರಲ್ಲಿ ತೊಳೆದೆ. ಕುಂದವಾಡ ಕೆರೆ ನೀರನ್ನು ಕಾರಿಗೆ ಸುರಿತೀಯಲ್ಲೋ ಅಂತ ಅತ್ತೆ ಬೈದರು. ನೀರು ಬಿಡೋದೇ ದಿನ ಬಿಟ್ಟು ದಿನ, ಬೈದಿದ್ದು ತಪ್ಪಲ್ಲ.

ಪ್ರೈಮರ್ ವಿಷಯದಲ್ಲಿ ಮೇಸ್ತ್ರಿಗೂ ನನಗೂ ಜಗಳವೇ ಆಯಿತು. ಅವರು ರೆಡ್ ಆಕ್ಸೈಡ್ ಅಂದರು. ಗೇಟಿಗೂ ಲಾರಿಯ ಬಾಡಿಗೂ ಅದೇ ಹೊಡೆದು ನೋಡಿದವರು. ನನ್ನ ವಾದ, ರೆಡ್ ಆಕ್ಸೈಡ್ ಒಂದೇ ನೀರು ತಡೆಯಲ್ಲ, ಅದರ ಮೇಲೆ ಪುಟ್ಟಿ ಎಳೆದರೆ ಒಂದಿನ ಪುಟ್ಟಿ ಸಮೇತ ಏಳುತ್ತೆ. ಬೆತ್ತಲೆ ತಗಡಿಗೆ ಎರಡು ಕೋಟ್ ಎಪಾಕ್ಸಿ, ಪುಟ್ಟಿ ಏನಿದ್ದರೂ ಅದರ ಮೇಲೆ. ಪುಟ್ಟಿ ಸ್ಪಂಜಿನ ಹಾಗೆ ತೇವ ಹೀರುತ್ತೆ, ತಗಡಿಗೂ ಅದಕ್ಕೂ ನಡುವೆ ಒಂದು ತಡೆ ಬೇಕೇ ಬೇಕು. ಕೊನೆಗೆ "ನಿಮ್ ಗಾಡಿ, ನಿಮ್ ರೊಕ್ಕ" ಅಂದು ಸುಮ್ಮನಾದರು. ಒಪ್ಪಿಗೆ ಅಂತೂ ಅಲ್ಲ ಅದು.

ಇಡೀ ಗಾಡಿಗೆ ಈ ಸಲ ಹಿಡಿದ ಪುಟ್ಟಿ ಒಂದೂವರೆ ಕಿಲೊ. ಅದರಲ್ಲೂ ಅರ್ಧ ಉಜ್ಜಿ ನೆಲಕ್ಕೆ ಹೋಯಿತು. 100 ಗ್ರಾಂಗೆ 2 ಗ್ರಾಂ ಹಾರ್ಡನರ್, ಕಡ್ಡಿಯಿಂದ ಕಲಸದೆ ಬ್ಲೇಡಿನಲ್ಲಿ ಒತ್ತಿ ಒತ್ತಿ ಕಲಸಿದರೆ ಗಾಳಿಗುಳ್ಳೆ ಬರಲ್ಲ. ಅಡಿ ಉದ್ದದ ಮರದ ಪಟ್ಟಿಗೆ 80 ನಂಬರ್ ಪೇಪರ್ ಸುತ್ತಿ ಓರೆಯಾಗಿ ಉಜ್ಜಿದೆ, ಆಮೇಲೆ 180, 320. ಕೈಯಲ್ಲೇ ಪೇಪರ್ ಹಿಡಿದು ಉಜ್ಜಿದರೆ ಬೆರಳಿನ ಗುಂಟ ತಗ್ಗು ಬೀಳುತ್ತೆ. ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ದೂಳು ಹಾರಿಸಿದ ಹಾಗೆ ತೆಳ್ಳಗೆ ಹೊಡೆದು ಉಜ್ಜಿದರೆ ತಗ್ಗಿದ್ದ ಕಡೆ ಕಪ್ಪು ಉಳಿಯುತ್ತೆ, ಸುಳ್ಳು ಹೇಳಲ್ಲ. ಇದರಲ್ಲೇ ಆಗಸ್ಟ್, ಸೆಪ್ಟೆಂಬರ್ ಹೋಯಿತು.

ಹಸಿರಿನ ಸ್ಯಾಂಪಲ್ ಸಿಕ್ಕಿದ್ದು ಡಿಕ್ಕಿ ಬಾಗಿಲ ರಬ್ಬರ್ ಕೆಳಗೆ. ಅಲ್ಲಿ ಬಿಸಿಲು ತಾಗದೆ ಫ್ಯಾಕ್ಟರಿ ಬಣ್ಣ ಹಾಗೇ ಉಳಿದಿತ್ತು. ಪೇಂಟ್ ಅಂಗಡಿಯವರು ಮೂರು ಸಲ ಬೆರೆಸಿದರು. ಹಸಿ ಇದ್ದಾಗ ಸರಿ ಕಂಡಿದ್ದು ಒಣಗಿದಾಗ ಒಂದು ಪಾಲು ಗಾಢ. ದೂಳು ಏಳದ ಹಾಗೆ ಮಾವನ ಗೋಡೌನ್‌ನ ನೆಲಕ್ಕೆ ನೀರು ಹೊಡೆದು, ಸೊಳ್ಳೆ ಪರದೆ ಕಟ್ಟಿ, ಪೇಂಟರ್ ಕರೆಸಿ ಪಿಯು ಹೊಡೆಸಿದೆ. ಅದರ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಬಂದ ಹುಡುಗನಿಗೆ ಫಿಲ್ಟರ್ ಡಬ್ಬಿ ಇರೋ ಮಾಸ್ಕ್ ತರಿಸಿ ಹಾಕಿಸಿದೆ. ಟಾಪ್ ಮೇಲೆ ಕೊನೆ ಕೋಟ್ ಬಿದ್ದ ಹತ್ತು ನಿಮಿಷಕ್ಕೆ ಎಲ್ಲಿಂದಲೋ ಭತ್ತದ ಹೊಟ್ಟಿನ ಬೂದಿ ಹಾರಿ ಬಂತು. ಎಣಿಸಿದೆ, ಹದಿನೇಳು ಚುಕ್ಕಿ. 2000 ನಂಬರ್ ಪೇಪರ್, ಪಾಲಿಶ್ ಹಾಕಿ ಹದಿಮೂರು ಹೋದವು. ನಾಲ್ಕು ಇವೆ. ಸ್ಟೂಲ್ ಹತ್ತಿ ನೋಡಿದರೆ ಮಾತ್ರ ಕಾಣುತ್ತವೆ.

ಕೊನೆಗೆ ಬಾಗಿಲು. ಕಿಟಕಿ ಗಾಜಿನ ಪಕ್ಕದಲ್ಲಿ ಇಳಿಯೋ ಮಳೆ ನೀರು ಬಾಗಿಲ ಹೊಟ್ಟೆಗೇ ಹೋಗುತ್ತೆ, ಎಲ್ಲ ಗಾಡಿಯಲ್ಲೂ. ಹೊರಗೆ ಬರೋಕೆ ತಳದಲ್ಲಿ ತೂತು ಬಿಟ್ಟಿರುತ್ತಾರೆ. ಈ ಗಾಡಿಗೆ ನಾಲ್ಕು ಸಲ ಬಣ್ಣ ಹೊಡೆದವರು ನಾಲ್ಕು ಸಲವೂ ಆ ತೂತು ಮುಚ್ಚಿದ್ದರು. ಬಾಗಿಲ ತಳ ಕೊಳೆತಿದ್ದಕ್ಕೆ ಅದೇ ಕಾರಣ, ಅಲ್ಲಿಂದ ಸುರಿದಿದ್ದೇ ಫುಟ್‌ಬೋರ್ಡ್‌ಗೂ ಇಳಿದಿದ್ದು. ಈ ಸಲ ತೂತುಗಳಿಗೆ ಬೆಂಕಿಕಡ್ಡಿ ಚುಚ್ಚಿಟ್ಟು ಬಣ್ಣ ಹೊಡೆಸಿದ್ದೆ. ಕಡ್ಡಿ ತೆಗೆದು, ಬಾಗಿಲು ಮತ್ತು ಫುಟ್‌ಬೋರ್ಡ್ ಒಳಗೆ ಕೊಳವೆಯಲ್ಲಿ ಮೇಣದ ಸ್ಪ್ರೇ ಹೊಡೆದೆ. ಎರಡು ದಿನ ಬಿಟ್ಟು, ಗಾಜಿನ ಅಂಚಿಗೆ ಒಂದು ಚೊಂಬು ನೀರು ಸುರಿದು ಕುಕ್ಕರಗಾಲಲ್ಲಿ ಕೂತು ನೋಡಿದೆ. ಮುಂದಿನ ತೂತಿನಿಂದ ದಾರದ ಹಾಗೆ ನೀರು ಇಳಿಯಿತು. ನಡುವಿನದರಿಂದಲೂ. ಮೂರನೆಯದು ತೊಟ್ಟು ತೊಟ್ಟು. ಸೈಕಲ್ ಕಡ್ಡಿ ತಂದು ಚುಚ್ಚಿದೆ. ಮೇಣದ ಉಂಡೆ ಹೊರಗೆ ಬಿತ್ತು, ಹಿಂದೆಯೇ ನೀರು ಬುಳಕ್ ಅಂತ ನನ್ನ ಪಾದದ ಮೇಲೆ ಸುರಿಯಿತು.